ಮಜಲ್ ಲೋಡರ್ ಬಂದೂಕು ಮತ್ತು ಜಿಂಕೆ ಬೇಟೆ

ಮಜಲ್ ಲೋಡರ್ ಎಂದರೆ ಮದ್ದು ಮತ್ತು ಗುಂಡನ್ನು ನಳಿಗೆಯ ಮುಂಬಾಯಿಯಿಂದ ತುಂಬಿ ಸಿಡಿಸುವ ಬಂದೂಕು. ಕನ್ನಡದಲ್ಲಿ ಇದನ್ನು ಮದ್ದಿನ ಬಂದೂಕು, ನಾಡ ಬಂದೂಕು, ನಾಡಕೋವಿ ಎಂದು ಕರೆಯುತ್ತಾರೆ. ಕೇಪು ಇಟ್ಟು ಸಿಡಿಸುವ ಬಗೆಗೆ ಮಲೆನಾಡು ಮತ್ತು ಕೊಡಗಿನ ಕಡೆ ಕೇಪಿನ ಕೋವಿ ಎಂಬ ಹೆಸರಿದೆ. ಹಿಂಬದಿಯಿಂದ ತೋಟಾ ಹಾಕುವ ಬಂದೂಕು ತೋಟಾ ಕೋವಿ ಎನಿಸಿಕೊಳ್ಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಮಜಲ್ ಲೋಡರ್ ಜಿಂಕೆ ಬೇಟೆಯ ಕಾನೂನುಬದ್ಧ ಸಾಧನವಾಗಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಇದರ ಸಾಂಪ್ರದಾಯಿಕ ಮತ್ತು ಆಧುನಿಕ ರೂಪಗಳ ನಡುವೆ ಚರ್ಚೆ ನಡೆದಿದೆ. ಭಾರತದಲ್ಲಿ ಜಿಂಕೆ ಬೇಟೆ ನಿಷಿದ್ಧವಾಗಿದ್ದು, ಮಜಲ್ ಲೋಡರ್ ಮುಖ್ಯವಾಗಿ ಬೆಳೆ ರಕ್ಷಣೆಯ ಆಯುಧವಾಗಿ ಕಾನೂನಿನಲ್ಲಿ ಸ್ಥಾನ ಪಡೆದಿದೆ. ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಬಯಲು ಸೀಮೆಯಲ್ಲಿ ಕೃಷ್ಣಮೃಗಗಳು ಹೊಲಗಳ ನಡುವೆಯೇ ಬದುಕುವುದರಿಂದ ಈ ಎರಡು ಕಾನೂನುಗಳು ಒಂದೇ ಹೊಲದಲ್ಲಿ ಎದುರಾಗುತ್ತವೆ.

## ರಚನೆ ಮತ್ತು ಕಾರ್ಯವಿಧಾನ

ಮಜಲ್ ಲೋಡರ್‌ನಲ್ಲಿ ಮದ್ದು, ಗುಂಡು ಮತ್ತು ಕಿಡಿ ಬೇರೆ ಬೇರೆಯಾಗಿರುತ್ತವೆ. ಮೊದಲು ಅಳತೆಯ ಕರಿಮದ್ದನ್ನು ನಳಿಗೆಯೊಳಗೆ ಸುರಿಯಲಾಗುತ್ತದೆ. ಅದರ ಮೇಲೆ ಗುಂಡು ಅಥವಾ ಚರೆಯನ್ನು ಇಟ್ಟು, ಗಜ ಎಂಬ ಉದ್ದನೆಯ ಕೋಲಿನಿಂದ ತಳದವರೆಗೆ ಒತ್ತಲಾಗುತ್ತದೆ. ಹೀಗೆ ತುಂಬಿದ ಒಂದು ಸಲದ ಮದ್ದುಗುಂಡಿಗೆ ಕನ್ನಡದಲ್ಲಿ ಈಡು ಎಂಬ ಪದವಿದೆ. ಗುರಿಕಾರನಿಗೆ ಈಡುಗಾರ ಎಂಬ ಹೆಸರು ಬಂದಿರುವುದು ಇದೇ ಪದದಿಂದ. ಕುದುರೆಯನ್ನು ಎಳೆದಾಗ ಹೊರಗಿನ ಕಿಡಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ತಲುಪಿ ಈಡು ಹಾರುತ್ತದೆ.

ಕರಿಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಇದು ಉರಿದಾಗ ದಟ್ಟವಾದ ಬಿಳಿ ಹೊಗೆ ಏಳುತ್ತದೆ, ಮತ್ತು ನಳಿಗೆಯೊಳಗೆ ಮಸಿ ಉಳಿಯುತ್ತದೆ. ಈ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುದರಿಂದ, ಬಳಸಿದ ಬಂದೂಕನ್ನು ಅಂದೇ ತೊಳೆದು ಎಣ್ಣೆ ಸವರುವುದು ವಾಡಿಕೆ. ಒಮ್ಮೆ ಈಡು ಹಾರಿದ ಬಳಿಕ ಮತ್ತೆ ತುಂಬಲು ನುರಿತವರಿಗೂ ಸುಮಾರು 20 ಸೆಕೆಂಡು ಬೇಕು. ಹೀಗಾಗಿ ಈ ಬಂದೂಕಿನ ಬೇಟೆ ಒಂದೇ ಈಡಿನ ಬೇಟೆ ಎನಿಸಿಕೊಂಡಿದೆ.

### ಕಿಡಿ ಹೊತ್ತಿಸುವ ವಿಧಾನಗಳು

* ಬತ್ತಿ ಬಂದೂಕು: ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸುವ ವಿಧಾನ. 15ನೆಯ ಶತಮಾನದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದಿತು. ಇದರ ಭಾರತೀಯ ರೂಪಕ್ಕೆ ತೋರಾದಾರ್ ಎಂಬ ಹೆಸರಿದೆ.
* ಚಕಮಕಿ ಬಂದೂಕು: ಚಕಮಕಿ ಕಲ್ಲು ಉಕ್ಕಿಗೆ ಬಡಿದು ಹುಟ್ಟುವ ಕಿಡಿಯಿಂದ ಹೊತ್ತಿಕೊಳ್ಳುವ ವಿಧಾನ. 17ನೆಯ ಶತಮಾನದಿಂದ 19ನೆಯ ಶತಮಾನದ ಆರಂಭದವರೆಗೆ ಸೈನ್ಯಗಳ ಮುಖ್ಯ ಆಯುಧವಾಗಿತ್ತು.
* ಕೇಪಿನ ಬಂದೂಕು: ಬಡಿದರೆ ಸಿಡಿಯುವ ರಾಸಾಯನಿಕ ತುಂಬಿದ ಸಣ್ಣ ತಾಮ್ರದ ಟೊಪ್ಪಿಗೆಯನ್ನು ಬಳಸುವ ವಿಧಾನ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫಾರ್ಸಿತ್ 1807ರಲ್ಲಿ ಇದರ ಮೂಲತತ್ತ್ವಕ್ಕೆ ಪೇಟೆಂಟ್ ಪಡೆದನು. ಮಳೆ ಮತ್ತು ಗಾಳಿಯನ್ನು ತಾಳುವ ಗುಣದಿಂದ ಇದು ಚಕಮಕಿಯನ್ನು ಮೂಲೆಗೆ ಸರಿಸಿತು.

## ಇತಿಹಾಸ

### ತುಂಗಭದ್ರಾ ಸೀಮೆಯಲ್ಲಿ

ಬಳ್ಳಾರಿ ಸೀಮೆಗೆ ಬಂದೂಕಿನ ಪರಿಚಯ ವಿಜಯನಗರದ ಕಾಲದ್ದು. 1520ರಲ್ಲಿ ಶ್ರೀಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಕ್ರಿಸ್ಟೋವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ನೇತೃತ್ವದ ಬಂದೂಕುಗಾರರು ಕೋಟೆಯ ಗೋಡೆಯ ಮೇಲಿದ್ದ ಕಾವಲುಗಾರರನ್ನು ಗುರಿಯಿಟ್ಟು ಹೊಡೆದ ಸಂಗತಿಯನ್ನು ಪೋರ್ಚುಗೀಸ್ ವರದಿಗಾರ ನ್ಯೂನಿಜ್ ದಾಖಲಿಸಿದ್ದಾನೆ. ರಾಯಚೂರು ಜಿಲ್ಲೆಯು ಸಿರುಗುಪ್ಪ ತಾಲ್ಲೂಕಿನಿಂದ ತುಂಗಭದ್ರೆಯ ಆಚೆ ದಡದಲ್ಲಿದೆ. ವಿಜಯನಗರದ ಪತನದ ನಂತರ ಈ ಪ್ರದೇಶವು ಪಾಳೆಯಗಾರರ ಕೈಗೆ ಬಂದಿತು. ಬಳ್ಳಾರಿಯ ಬೆಟ್ಟದ ಕೋಟೆಯನ್ನು ಕಟ್ಟಿಸಿದ ಹನುಮಪ್ಪ ನಾಯಕನು ಅಂತಹ ಒಬ್ಬ ಪಾಳೆಯಗಾರ. ಪಾಳೆಯಗಾರರ ಕಾಲಾಳುಗಳಲ್ಲಿ ಬೇಡ ಸಮುದಾಯದವರು ಬಹುಸಂಖ್ಯೆಯಲ್ಲಿದ್ದರು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿಯನ್ನೊಳಗೊಂಡ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಈ ದತ್ತ ಮಂಡಲಗಳ ಪ್ರಧಾನ ಕಲೆಕ್ಟರನಾದ ಥಾಮಸ್ ಮನ್ರೋ 1800ರಿಂದ 1807ರವರೆಗೆ ಆಡಳಿತ ನಡೆಸಿ ಪಾಳೆಯಗಾರರ ಬಲವನ್ನು ಮುರಿದನು. ಬಳ್ಳಾರಿ ಮುಂದೆ ಬ್ರಿಟಿಷರ ದೊಡ್ಡ ದಂಡಿನ ಊರಾಯಿತು.

### ನಿಶ್ಶಸ್ತ್ರೀಕರಣ

1857ರ ಬಂಡಾಯದ ಹೊತ್ತಿಗೆ ಸರ್ಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಜಾರಿಗೆ ತಂದಿತು. ಇದನ್ನು ವಿರೋಧಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷ ನವೆಂಬರ್‌ನಲ್ಲಿ ದಂಗೆಯೆದ್ದರು. ಬೇಡರಿಗೆ ಆಯುಧವು ಜೀವನೋಪಾಯವೂ ಗೌರವದ ಗುರುತೂ ಆಗಿದ್ದುದರಿಂದ ಈ ದಂಗೆ ಲಾವಣಿಗಳಲ್ಲಿ ಉಳಿದಿದೆ. 1878ರ ಭಾರತೀಯ ಶಸ್ತ್ರಾಸ್ತ್ರ ಕಾಯಿದೆಯು ಪರವಾನಗಿ ಪದ್ಧತಿಯನ್ನು ಬಲಪಡಿಸಿತು. ಯುರೋಪಿನಲ್ಲಿ ತೋಟಾ ಬಂದೂಕುಗಳು 1860ರ ದಶಕದಿಂದ ಸೈನ್ಯಗಳಲ್ಲಿ ಮಜಲ್ ಲೋಡರ್‌ಗಳ ಸ್ಥಾನವನ್ನು ಪಡೆದವು. ಆದರೆ ಭಾರತದ ಹಳ್ಳಿಗಳಲ್ಲಿ ಮದ್ದಿನ ಬಂದೂಕು ಅಗ್ಗವೂ ಸ್ಥಳೀಯವಾಗಿ ದುರಸ್ತಿ ಮಾಡಬಹುದಾದ ಸಾಧನವೂ ಆಗಿದ್ದರಿಂದ ಮುಂದುವರಿಯಿತು.

### ಕೊಡಗಿನ ವಿನಾಯಿತಿ

ಕರ್ನಾಟಕದಲ್ಲಿ ಕೊಡಗಿನ ಸ್ಥಿತಿ ಭಿನ್ನವಾಗಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಬಂದೂಕುಗಳನ್ನು ಪರವಾನಗಿಯಿಲ್ಲದೆ ಹೊಂದುವ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 10 ವರ್ಷಗಳ ಅವಧಿಗೆ, ಅಂದರೆ 2029ರವರೆಗೆ, ವಿಸ್ತರಿಸಿತು. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೈಲ್ ಮುಹೂರ್ತ ಅಥವಾ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಸಲ್ಲಿಸುತ್ತಾರೆ. ಈ ವಿನಾಯಿತಿ ಬಂದೂಕು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಅನುಮತಿಯಲ್ಲ. ಬಳ್ಳಾರಿ ಜಿಲ್ಲೆಗೆ ಇಂತಹ ವಿನಾಯಿತಿ ಇಲ್ಲ.

## ಸಾಂಪ್ರದಾಯಿಕ ಮತ್ತು ಆಧುನಿಕ ಮಜಲ್ ಲೋಡರ್‌ಗಳು

### ಸಾಂಪ್ರದಾಯಿಕ ಬಗೆ

ಚಕಮಕಿ ಅಥವಾ ಹೊರಗೆ ಕಾಣುವ ಕೇಪು, ಉದ್ದನೆಯ ನಳಿಗೆ, ಮರದ ದಸ್ತು ಮತ್ತು ಕಬ್ಬಿಣದ ಸರಳ ಗುರಿಕಣ್ಣು ಸಾಂಪ್ರದಾಯಿಕ ಮಜಲ್ ಲೋಡರ್‌ನ ಲಕ್ಷಣಗಳು. ಅಮೆರಿಕದ ಸೇಂಟ್ ಲೂಯಿಸ್ ನಗರದ ಹಾಕೆನ್ ಸಹೋದರರು 19ನೆಯ ಶತಮಾನದಲ್ಲಿ ತಯಾರಿಸಿದ ರೈಫಲ್ ಇದರ ಪ್ರಸಿದ್ಧ ಮಾದರಿ. ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ದುಂಡನೆಯ ಸೀಸದ ಗುಂಡನ್ನು ಇದರಲ್ಲಿ ಬಳಸುತ್ತಾರೆ. ದುಂಡು ಗುಂಡು ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುವುದರಿಂದ, ಜಿಂಕೆಯಂತಹ ಪ್ರಾಣಿಯನ್ನು ನರಳಿಸದೆ ಕೊಲ್ಲಬಲ್ಲ ದೂರ ಸಾಮಾನ್ಯವಾಗಿ 70ರಿಂದ 90 ಮೀಟರ್‌ಗೆ ಸೀಮಿತವಾಗಿದೆ.

ಭಾರತದ ನಾಡ ಬಂದೂಕು ಇದಕ್ಕಿಂತಲೂ ಸರಳ. ಇದರ ನಳಿಗೆಯ ಒಳಮೈ ನುಣುಪಾಗಿದ್ದು, ರೈಫಲ್‌ನಲ್ಲಿರುವ ಸುರುಳಿ ಗೀರುಗಳಿರುವುದಿಲ್ಲ. ಆದ್ದರಿಂದ ಗುಂಡು ತಿರುಗದೆ ಹೊರಬೀಳುತ್ತದೆ, ಮತ್ತು ದೂರ ಹೆಚ್ಚಿದಂತೆ ಗುರಿ ತಪ್ಪುತ್ತದೆ. ಚರೆ ತುಂಬಿದಾಗ ಅದು ಹರಡಿಕೊಳ್ಳುವುದರಿಂದ ಹಕ್ಕಿ ಮತ್ತು ಮೊಲಗಳಿಗೆ ತಕ್ಕುದಾದರೂ, ದೊಡ್ಡ ಪ್ರಾಣಿಗೆ ಗಾಯವನ್ನಷ್ಟೇ ಮಾಡುವ ಸಂಭವ ಹೆಚ್ಚು.

### ಆಧುನಿಕ ಬಗೆ

ಅಮೆರಿಕದ ಮಿಸೌರಿ ರಾಜ್ಯದ ಟೋನಿ ನೈಟ್ 1985ರಲ್ಲಿ ಎಂಕೆ-85 ಎಂಬ ಮಾದರಿಯನ್ನು ಹೊರತಂದನು. ಇದರಲ್ಲಿ ಕಿಡಿ ನಳಿಗೆಯ ಹಿಂಬದಿಯಿಂದ ನೇರ ರೇಖೆಯಲ್ಲಿ ಮದ್ದನ್ನು ತಲುಪುತ್ತದೆ. ಈ ಕಾರಣದಿಂದ ಇಂತಹವುಗಳನ್ನು ಇನ್‌ಲೈನ್ ಮಜಲ್ ಲೋಡರ್ ಎನ್ನುತ್ತಾರೆ. ಸಾಂಪ್ರದಾಯಿಕ ಬಂದೂಕಿನಲ್ಲಿ ಕಿಡಿಯು ಪಕ್ಕದಿಂದ ತಿರುವು ಪಡೆದು ಹೋಗಬೇಕಾಗಿದ್ದು, ವಿಳಂಬಕ್ಕೂ ವಿಫಲತೆಗೂ ಅವಕಾಶವಿತ್ತು. ಇನ್‌ಲೈನ್ ರಚನೆ ಅದನ್ನು ಬಹುಮಟ್ಟಿಗೆ ನಿವಾರಿಸಿತು. ಕರಿಮದ್ದಿಗೆ ಬದಲಾಗಿ ಪೈರೋಡೆಕ್ಸ್‌ನಂತಹ ಕೃತಕ ಮದ್ದು, ಅಳೆಯುವ ಕೆಲಸವಿಲ್ಲದ ಮದ್ದಿನ ಗುಳಿಗೆ, ಪ್ಲಾಸ್ಟಿಕ್ ಹೊದಿಕೆಯ ಮೊನಚು ಗುಂಡು ಹಾಗೂ ದೂರದರ್ಶಕ ಗುರಿಕಣ್ಣುಗಳು ಇದರ ಜೊತೆಗೂಡಿದವು. ಇವುಗಳಿಂದ ಪರಿಣಾಮಕಾರಿ ದೂರ ಸುಮಾರು 140ರಿಂದ 180 ಮೀಟರ್‌ವರೆಗೆ ಏರಿತು.

### ಹೋಲಿಕೆ

* ವಿಶ್ವಾಸಾರ್ಹತೆ: ತೇವದ ಹವೆಯಲ್ಲಿ ಚಕಮಕಿ ಬಂದೂಕು ಹಲವು ಬಾರಿ ಹೊರಗಿನ ಮದ್ದನ್ನಷ್ಟೇ ಉರಿಸಿ ಸುಮ್ಮನಾಗುತ್ತದೆ. ಇನ್‌ಲೈನ್‌ನಲ್ಲಿ ಕಿಡಿ ಮುಚ್ಚಿದ ಜಾಗದಲ್ಲಿರುವುದರಿಂದ ಈ ತೊಂದರೆ ಕಡಿಮೆ.
* ಸ್ವಚ್ಛತೆ: ಇನ್‌ಲೈನ್‌ನ ಹಿಂಬದಿಯ ಮುಚ್ಚಳವನ್ನು ಬಿಚ್ಚಿ ನಳಿಗೆಯನ್ನು ಎರಡೂ ಕಡೆಯಿಂದ ತೊಳೆಯಬಹುದು. ಹಳೆಯ ಬಗೆಯಲ್ಲಿ ಒಂದೇ ಬಾಯಿ.
* ಕೌಶಲ: ಸಾಂಪ್ರದಾಯಿಕ ಬಂದೂಕಿಗೆ ಪ್ರಾಣಿಯ ಹತ್ತಿರ ಹೋಗುವ ತಾಳ್ಮೆ ಮತ್ತು ದೀರ್ಘ ಅಭ್ಯಾಸ ಬೇಕು. ಆಧುನಿಕ ಬಗೆ ಹೊಸಬರಿಗೂ ಒಗ್ಗುತ್ತದೆ.
* ಬೆಲೆ ಮತ್ತು ದುರಸ್ತಿ: ಹಳೆಯ ಬಗೆಯ ಬಿಡಿಭಾಗಗಳು ಸರಳ. ಆಧುನಿಕ ಬಗೆ ಕಾರ್ಖಾನೆಯ ಬಿಡಿಭಾಗಗಳನ್ನು ಅವಲಂಬಿಸಿದೆ.
* ಗಾಯಗೊಳಿಸುವ ಸಂಭವ: ದುರ್ಬಲ ಈಡಿನಿಂದ ದೂರದ ಪ್ರಾಣಿಗೆ ಹೊಡೆದರೆ ಅದು ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ. ನಿಖರತೆ ಹೆಚ್ಚಿರುವ ಆಧುನಿಕ ಬಗೆಯಲ್ಲಿ ಇದು ಕಡಿಮೆಯೆಂದು ಅದರ ಸಮರ್ಥಕರು ವಾದಿಸುತ್ತಾರೆ. ದೂರದಿಂದ ಹೊಡೆಯುವ ಆಸೆಯನ್ನು ಅದೇ ಹೆಚ್ಚಿಸುತ್ತದೆಂಬುದು ವಿರೋಧಿಗಳ ವಾದ.

ಅಮೆರಿಕದ ಅನೇಕ ರಾಜ್ಯಗಳು ಮಜಲ್ ಲೋಡರ್‌ಗೆಂದೇ ಪ್ರತ್ಯೇಕ ಬೇಟೆಯ ಋತುವನ್ನು ನಿಗದಿಪಡಿಸಿವೆ. ಆಯುಧದ ಮಿತಿಯಿಂದ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಸಿಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಪೆನ್ಸಿಲ್ವೇನಿಯಾ 1974ರಲ್ಲಿ ಚಕಮಕಿ ಬಂದೂಕಿಗೆ ಮಾತ್ರ ಮೀಸಲಾದ ಜಿಂಕೆ ಬೇಟೆಯ ಋತುವನ್ನು ಆರಂಭಿಸಿತು. ಇನ್‌ಲೈನ್ ಬಂದೂಕು ಈ ಮಿತಿಯನ್ನೇ ಅಳಿಸಿಹಾಕುತ್ತದೆ ಎಂಬ ಆಕ್ಷೇಪದಿಂದ ಕೆಲವು ರಾಜ್ಯಗಳು ವಿಶೇಷ ಋತುವಿನಲ್ಲಿ ದೂರದರ್ಶಕ ಗುರಿಕಣ್ಣು, ಮದ್ದಿನ ಗುಳಿಗೆ ಮುಂತಾದವನ್ನು ನಿರ್ಬಂಧಿಸಿವೆ. ಹಳೆಯ ಬಗೆಯ ಗುರಿಗಾರಿಕೆಯನ್ನು ಉಳಿಸಲು ಅಲ್ಲಿ 1933ರಲ್ಲಿ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘ ಸ್ಥಾಪನೆಯಾಯಿತು.

## ಬಳ್ಳಾರಿ ಸೀಮೆಯ ಜಿಂಕೆಗಳು

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಬಹುಭಾಗ ಕಪ್ಪು ಎರೆ ಮಣ್ಣಿನ ಬಯಲು. ನಡುನಡುವೆ ಬಳ್ಳಾರಿ ಮತ್ತು ಕುರುಗೋಡುಗಳಲ್ಲಿರುವಂತೆ ಬಂಡೆಗಳ ಬೆಟ್ಟಗಳಿವೆ. ಈ ಬಯಲಿನಲ್ಲಿ ಜನರು ಜಿಂಕೆ ಅಥವಾ ಚಿಗರಿ ಎಂದು ಕರೆಯುವುದು ಕೃಷ್ಣಮೃಗವನ್ನು. ಪ್ರಾಣಿಶಾಸ್ತ್ರದ ಪ್ರಕಾರ ಇದು ನಿಜವಾದ ಜಿಂಕೆಯಲ್ಲ. ಚುಕ್ಕೆ ಜಿಂಕೆ ಮತ್ತು ಕಡವೆಗಳು ಪ್ರತಿವರ್ಷ ಉದುರಿ ಮತ್ತೆ ಬೆಳೆಯುವ ಕವಲುಗೊಂಬುಗಳನ್ನು ಹೊಂದಿವೆ. ಕೃಷ್ಣಮೃಗದ ಗಂಡಿಗೆ ಸುರುಳಿಯಾಕಾರದ ಶಾಶ್ವತ ಕೊಂಬುಗಳಿದ್ದು, ಅದು ದನ ಮತ್ತು ಆಡುಗಳ ಕುಟುಂಬಕ್ಕೆ ಸೇರುತ್ತದೆ.

ಕೃಷ್ಣಮೃಗವು ಬಯಲಿನ ಪ್ರಾಣಿ. ತೀಕ್ಷ್ಣ ದೃಷ್ಟಿ, ಗುಂಪಿನ ಎಚ್ಚರ ಮತ್ತು ಗಂಟೆಗೆ ಸುಮಾರು 80 ಕಿ.ಮೀ. ವೇಗದ ಓಟ ಅದರ ರಕ್ಷಣೆ. ಮರೆಯಿಲ್ಲದ ಬಯಲಿನಲ್ಲಿ ಅದು ಮನುಷ್ಯನನ್ನು ಬಹುದೂರದಿಂದಲೇ ಗುರುತಿಸುವುದರಿಂದ, ಅಲ್ಪದೂರದ ಮದ್ದಿನ ಬಂದೂಕು ಅದರ ಬೇಟೆಗೆ ಸಮರ್ಪಕ ಸಾಧನವಾಗಿರಲಿಲ್ಲ. ಭಾರತದ ಬೇಟೆಯ ವೃತ್ತಾಂತಗಳಲ್ಲಿ ಪಳಗಿಸಿದ ಚೀತಾಗಳನ್ನು ಛೂಬಿಡುವ, ಎತ್ತಿನ ಗಾಡಿಯ ಮರೆಯಲ್ಲಿ ಸಮೀಪಿಸುವ ಮತ್ತು ಬಲೆ ಒಡ್ಡುವ ಕ್ರಮಗಳು ಕಂಡುಬರುತ್ತವೆ. ದೂರಗಾಮಿ ತೋಟಾ ರೈಫಲ್‌ಗಳು ಬಂದ ಮೇಲೆ ಬಯಲು ಮೃಗಗಳ ಈ ಸಹಜ ರಕ್ಷಣೆ ಕುಸಿಯಿತು. ಬೇಟೆ ಮತ್ತು ಹುಲ್ಲುಗಾವಲುಗಳ ನಾಶ ಸೇರಿ ದೇಶದಾದ್ಯಂತ ಕೃಷ್ಣಮೃಗಗಳ ಸಂಖ್ಯೆ 20ನೆಯ ಶತಮಾನದಲ್ಲಿ ತೀವ್ರವಾಗಿ ಇಳಿಯಿತು.

ಸಿರುಗುಪ್ಪದ ಎರೆ ಬಯಲಿನಲ್ಲಿ ಎರೆಲಡ್ಡು ಎಂಬ ದೊಡ್ಡ ಹಕ್ಕಿಯೂ ದಾಖಲಾಗಿದೆ. ಅಳಿವಿನ ಅಂಚಿನಲ್ಲಿರುವ ಈ ಹಕ್ಕಿಯ ಅವನತಿಯ ಕಾರಣಗಳಲ್ಲಿ ಬೇಟೆಯೂ ಒಂದು. ಕೃಷ್ಣಮೃಗದ ರಕ್ಷಣೆಗಾಗಿ ಕರ್ನಾಟಕದಲ್ಲಿ 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯವನ್ನೂ ತುಮಕೂರು ಜಿಲ್ಲೆಯಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವನ್ನೂ ಘೋಷಿಸಲಾಗಿದೆ. ಸಿರುಗುಪ್ಪ ಮತ್ತು ಕುರುಗೋಡುಗಳ ಬಯಲಿನಲ್ಲಾದರೆ ಕೃಷ್ಣಮೃಗವು ಜೋಳ, ಕಡಲೆ, ಹತ್ತಿಯ ಹೊಲಗಳನ್ನೇ ಆಶ್ರಯಿಸಬೇಕಾಗುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ಬಳಿಕ ಕಾಲುವೆ ನೀರು ಹರಿದು, ಒಣ ಬಯಲಿನ ದೊಡ್ಡ ಭಾಗ ಭತ್ತದ ಗದ್ದೆಯಾಗಿ ಬದಲಾಯಿತು.

## ಕಾನೂನು

### ಬೇಟೆಯ ನಿಷೇಧ

1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವನ್ನು ಸೇರಿಸಲಾಗಿದೆ. ಆರಂಭದಲ್ಲಿ ಈ ಕಾಯಿದೆಯು ಬೇರೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ನೀಡುವ ಅವಕಾಶವನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಆ ಪದ್ಧತಿಯನ್ನು ಕೈಬಿಟ್ಟಿತು. ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಸೆರೆವಾಸವಿದೆ. 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ. ಕಾಯಿದೆಯ ದೃಷ್ಟಿಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಬಲೆ ಬೀಸುವುದು, ಅಟ್ಟುವುದು ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. ಬಂದೂಕು ಸಾಂಪ್ರದಾಯಿಕವೋ ಆಧುನಿಕವೋ ಎಂಬುದರಿಂದ ಅಪರಾಧದ ಸ್ವರೂಪ ಬದಲಾಗುವುದಿಲ್ಲ.

### ಬೆಳೆ ರಕ್ಷಣೆಯ ಬಂದೂಕು

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಮಜಲ್ ಲೋಡರ್‌ನ ಹೆಸರು ನೇರವಾಗಿ ಬರುತ್ತದೆ. ಪ್ರಾಮಾಣಿಕ ಬೆಳೆ ರಕ್ಷಣೆಗಾಗಿ ಮಜಲ್ ಲೋಡರ್ ಬಂದೂಕಿಗೆ ಪರವಾನಗಿ ನೀಡಬಹುದೆಂದು ಅದು ಹೇಳುತ್ತದೆ. ಈ ಬಂದೂಕು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಅದೇ ಉದ್ದೇಶಕ್ಕೆ ಬೇರೆ ಬಗೆಯ ನುಣುಪು ನಳಿಗೆಯ ಬಂದೂಕನ್ನು ಕೊಡಬಹುದು. ಹೀಗೆ ಹಳೆಯ ಮತ್ತು ಹೊಸ ಬಂದೂಕುಗಳ ಆಯ್ಕೆ ಭಾರತದಲ್ಲಿ ಬೇಟೆಗಾರನ ಅಭಿರುಚಿಯ ವಿಷಯವಾಗಿರದೆ, ಹೊಲಕ್ಕೆ ಎಷ್ಟು ಬಲದ ಆಯುಧ ಬೇಕು ಎಂಬ ಆಡಳಿತಾತ್ಮಕ ಪ್ರಶ್ನೆಯಾಗಿದೆ. ಪರವಾನಗಿಯ ಅವಧಿಯನ್ನು 2019ರ ತಿದ್ದುಪಡಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಿತು. ಚುನಾವಣೆಯ ಕಾಲದಲ್ಲಿ ಪರವಾನಗಿ ಪಡೆದ ಬಂದೂಕುಗಳನ್ನು ಠಾಣೆಯಲ್ಲಿ ಒಪ್ಪಿಸುವಂತೆ ಸೂಚಿಸಲಾಗುತ್ತದೆ. ಇದು ಬೆಳೆ ಹಣ್ಣಾಗುವ ತಿಂಗಳುಗಳಲ್ಲಿ ಬಂದರೆ ಕಾವಲಿಗೆ ಬಂದೂಕು ಇಲ್ಲದಂತಾಗುತ್ತದೆ.

ಅಭಯಾರಣ್ಯದ ಗಡಿಯಿಂದ 10 ಕಿ.ಮೀ. ಒಳಗಿನ ನಿವಾಸಿಗಳು ತಮ್ಮ ಬಂದೂಕುಗಳ ವಿವರವನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು, ಮತ್ತು ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಅಗತ್ಯ ಎಂದು ವನ್ಯಜೀವಿ ಕಾಯಿದೆಯ 34ನೆಯ ಕಲಮು ವಿಧಿಸುತ್ತದೆ. ಬಳ್ಳಾರಿ ಸೀಮೆಯಲ್ಲಿ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಸುತ್ತಲಿನ ಹಳ್ಳಿಗಳಿಗೆ ಇದು ಅನ್ವಯಿಸುತ್ತದೆ.

### ಎರಡು ಕಾಯಿದೆಗಳ ನಡುವಿನ ರೈತ

ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಹೊಲಕ್ಕೆ ನುಗ್ಗಿದ ಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. ಮೊದಲ ಅನುಸೂಚಿಗೆ ಸೇರದ ಪ್ರಾಣಿಗಳು ನಿಂತ ಬೆಳೆಗೆ ಅಪಾಯಕಾರಿಯಾದಾಗ, ಅಧಿಕೃತ ಅರಣ್ಯಾಧಿಕಾರಿ ಕಾರಣ ದಾಖಲಿಸಿ ಲಿಖಿತ ಅನುಮತಿ ನೀಡಲು 11ನೆಯ ಕಲಮು ಅವಕಾಶ ಕೊಡುತ್ತದೆ. ಮೊದಲ ಅನುಸೂಚಿಯ ಪ್ರಾಣಿಗಳಿಗೆ ಬೆಳೆಹಾನಿಯ ಆಧಾರದ ಮೇಲೆ ಈ ಅವಕಾಶವಿಲ್ಲ. ಅವು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದರೆ ಅಥವಾ ಚೇತರಿಸಿಕೊಳ್ಳಲಾಗದಷ್ಟು ರೋಗಗ್ರಸ್ತವಾದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ನೀಡಬಲ್ಲರು. ಆದ್ದರಿಂದ ಮೊಳಕೆಯೊಡೆದ ಕಡಲೆಯನ್ನು ಕೃಷ್ಣಮೃಗದ ಹಿಂಡು ಮೇಯುವಾಗ, ಬಂದೂಕಿನ ಪರವಾನಗಿ ಹೊಂದಿದ ರೈತನೂ ಅದನ್ನು ಅವುಗಳ ಮೇಲೆ ಹಾರಿಸುವಂತಿಲ್ಲ. ರಾತ್ರಿ ಕಾವಲು, ತಮಟೆ, ಬೆದರುಬೊಂಬೆ, ಬೇಲಿ ಮತ್ತು ಅರಣ್ಯ ಇಲಾಖೆಯ ಮೂಲಕ ಬೆಳೆಹಾನಿ ಪರಿಹಾರದ ಅರ್ಜಿ ರೈತನಿಗಿರುವ ಮಾರ್ಗಗಳು. ವಿದ್ಯುತ್ ಹರಿಸಿದ ತಂತಿ ಮತ್ತು ಉರುಳು ಕಾನೂನುಬಾಹಿರವಾಗಿದ್ದು, ಮನುಷ್ಯರ ಮತ್ತು ದನಗಳ ಸಾವಿಗೂ ಕಾರಣವಾಗುತ್ತವೆ.

## ಅಪಾಯಗಳು

ಪರವಾನಗಿಯಿಲ್ಲದೆ ತಯಾರಾಗುವ ನಾಡ ಬಂದೂಕುಗಳಿಗೆ ಗುಣಮಟ್ಟದ ಪರೀಕ್ಷೆ ಇರುವುದಿಲ್ಲ. ನೀರಿನ ಕೊಳವೆಯಂತಹ ವಸ್ತುವಿನಿಂದ ಮಾಡಿದ ನಳಿಗೆ ಒತ್ತಡ ತಾಳದೆ ಒಡೆದು, ಹಾರಿಸಿದವನ ಕೈ ಮತ್ತು ಕಣ್ಣಿಗೆ ಹಾನಿಯಾಗುತ್ತದೆ. ಕರಿಮದ್ದಿಗಾಗಿ ರೂಪಿಸಿದ ಬಂದೂಕಿನಲ್ಲಿ ಹೊಗೆರಹಿತ ಮದ್ದು ಬಳಸುವುದು ಇಂತಹ ಸ್ಫೋಟಕ್ಕೆ ಮತ್ತೊಂದು ಕಾರಣ. ಗುಂಡು ಮದ್ದಿಗೆ ತಾಗದೆ ನಡುವೆ ನಿಂತಿದ್ದರೂ ನಳಿಗೆ ಸಿಡಿಯಬಹುದು. ಈಡು ತುಂಬಿರುವುದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ಗೋಡೆಗೆ ತೂಗುಹಾಕಿದ ಹಳೆಯ ಬಂದೂಕು ಮಕ್ಕಳ ಕೈಗೆ ಸಿಕ್ಕಿ ಅನಾಹುತವಾಗುವ ಸಂಭವವಿದೆ. ಪ್ರಾಣಿಗಳ ದಾರಿಯಲ್ಲಿ ದಾರ ಕಟ್ಟಿ ಇಡುವ ಬಂದೂಕು ಆ ದಾರಿಯಲ್ಲಿ ಬಂದ ಕುರಿಗಾಹಿಯನ್ನೂ ಕೊಲ್ಲಬಲ್ಲದು.

## ಇಂದಿನ ಸ್ಥಿತಿ

ಭಾರತದಲ್ಲಿ ಮಜಲ್ ಲೋಡರ್‌ನ ಬಳಕೆ ಬೆಳೆ ಕಾವಲು, ಕೆಲವು ಸಮುದಾಯಗಳ ಆಚರಣೆ ಮತ್ತು ಸಂಗ್ರಹಾಲಯಗಳಿಗೆ ಸೀಮಿತವಾಗುತ್ತಿದೆ. ಹಾರಿಸಲು ಬಾರದ ಪ್ರಾಚೀನ ಬಂದೂಕುಗಳಿಗೆ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಅಮೆರಿಕದ ಮಾದರಿಯ ಇನ್‌ಲೈನ್ ಬಂದೂಕು ಕೂಡ ಭಾರತೀಯ ಕಾನೂನಿನಲ್ಲಿ ಬಂದೂಕೇ ಆಗಿದ್ದು, ಮುಂಬಾಯಿಯಿಂದ ತುಂಬುತ್ತದೆಂಬ ಕಾರಣಕ್ಕೆ ಪರವಾನಗಿಯಿಂದ ಹೊರತಾಗುವುದಿಲ್ಲ. ಬಳ್ಳಾರಿಯ ಬಯಲಿನಲ್ಲಿ ಕೃಷ್ಣಮೃಗದ ಉಳಿವು ಬಂದೂಕಿನ ನಿಯಂತ್ರಣದ ಜೊತೆಗೆ ಉಳಿದಿರುವ ಹುಲ್ಲುಗಾವಲು, ನೀರಾವರಿಯ ವಿಸ್ತರಣೆ ಮತ್ತು ಹಾನಿಗೊಳಗಾದ ರೈತರಿಗೆ ಸಕಾಲದಲ್ಲಿ ಸಿಗುವ ಪರಿಹಾರವನ್ನು ಅವಲಂಬಿಸಿದೆ.

## ಇವನ್ನೂ ನೋಡಿ

* ಕೃಷ್ಣಮೃಗ
* ದರೋಜಿ ಕರಡಿಧಾಮ
* ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ
* ಹಲಗಲಿಯ ಬೇಡರು
* ಕೈಲ್ ಮುಹೂರ್ತ
* ಬಳ್ಳಾರಿ ಕೋಟೆ